ಸಾಮಾನಿನ ಖರ್ಚು ಬರೆದಿರಿ, ನಿಮ್ಮ ಕೂಲಿ ಎಲ್ಲಿ?

ಪ್ರಶ್ನೆ: ನಮ್ಮ ಮನೆ ರಾಯಚೂರಿನ ಲಿಂಗಸುಗೂರು ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯಕ್ಕೆ ಹತ್ತಿರ. ಸುತ್ತಮುತ್ತ ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳು ಜಾಸ್ತಿ. ಮನೆಯಲ್ಲೇ ಕೇಕ್ ಮಾಡಿ ಮಾರುವ ಆಸೆ. ಅರ್ಧ ಕೆಜಿ ಕ್ರೀಮ್ ಕೇಕಿಗೆ ಸಾಮಾನು 140 ರೂಪಾಯಿ ಬೀಳುತ್ತದೆ. 250ಕ್ಕೆ ಕೊಟ್ಟರೆ 110 ಲಾಭ ಅಲ್ವಾ? 40 ಸಾವಿರದ ದೊಡ್ಡ ಓವನ್ ನೋಡಿಟ್ಟಿದ್ದೇನೆ, ತೆಗೆದುಕೊಳ್ಳಲಾ? ಲೈಸೆನ್ಸ್ ಬೇಕಾ?
ಓದುಗರೊಬ್ಬರು, ರಾಯಚೂರು

ಉತ್ತರ: ಓವನ್ ಸದ್ಯಕ್ಕೆ ಬೇಡ ಮೇಡಂ. ಮೊದಲು ಆ 110 ರೂಪಾಯಿ ಎಲ್ಲಿಗೆ ಹೋಗುತ್ತದೆ ನೋಡೋಣ.

ಡಬ್ಬಿ, ಕೆಳಗಿನ ಬೋರ್ಡ್, ಮೇಣದಬತ್ತಿ ಸೇರಿ 30 ಎನ್ನಿ. ಕರೆಂಟ್ 10. ಕೊಟ್ಟು ಬರಲು ಪೆಟ್ರೋಲ್ 20. ಉಳಿದದ್ದು 50. ಸ್ಪಾಂಜ್ ಬೇಯಿಸಿ, ಆರಿಸಿ, ಕ್ರೀಮ್ ಹಚ್ಚಿ, ಹೆಸರು ಬರೆದು, ಪಾತ್ರೆ ತೊಳೆಯುವಷ್ಟರಲ್ಲಿ ಕಡಿಮೆ ಎಂದರೂ ಎರಡು ತಾಸು. ತಾಸಿಗೆ 25 ರೂಪಾಯಿಗೆ ಬೇರೆಯವರ ಮನೆಯಲ್ಲಿ ದುಡಿಯುತ್ತೀರಾ? ಕೆಟ್ಟುಹೋದ ಕೇಕಿನ ಲೆಕ್ಕ ಇದರಲ್ಲಿ ಇನ್ನೂ ಬಂದಿಲ್ಲ. 350ಕ್ಕೆ ಮಾರಿದರೆ ತಾಸಿಗೆ 75 ಸಿಗುತ್ತದೆ. ಆ ಬೆಲೆಗೆ ನಿಮ್ಮ ಓಣಿಯಲ್ಲಿ ಗಿರಾಕಿ ಇಲ್ಲ ಅಂದರೆ ಆ ಕೇಕ್ ಮಾಡಲೇಬೇಡಿ.

ಇನ್ನೊಂದು ಕಷ್ಟ ನಮ್ಮೂರಿನ ಬಿಸಿಲು. ಬೆಣ್ಣೆ ಕರಗಲು 32ರಿಂದ 35 ಡಿಗ್ರಿ ಸಾಕು. ರಾಯಚೂರಿನ ಬೇಸಿಗೆ 40 ದಾಟುತ್ತದೆ. ಅಂಗಡಿಯ ವಿಪ್ಪಿಂಗ್ ಕ್ರೀಮ್ ತುಸು ಹೆಚ್ಚು ತಡೆಯುತ್ತದೆ ನಿಜ, ಆದರೆ ಮಧ್ಯಾಹ್ನ ಸ್ಕೂಟಿಯ ಮೇಲೆ ಹೊರಟ ಕೇಕಿಗೆ ಯಾರೂ ಗ್ಯಾರಂಟಿ ಕೊಡುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಕ್ರೀಮ್ ಕೇಕನ್ನು ಸಂಜೆ ಮೇಲೆ ಮಾತ್ರ ಕೊಡಿ, ಅದೂ ಅರ್ಧ ದುಡ್ಡು ಮೊದಲೇ ಫೋನ್‌ಪೇ ಮಾಡಿದವರಿಗೆ. ಉದ್ರಿ ಬೇಡವೇ ಬೇಡ.

ಹಾಗಾದರೆ ಏನು ಮಾರುವುದು? ಪಫ್, ಖಾರಾ ಬನ್ ಅಯ್ಯಂಗಾರ್ ಬೇಕರಿಗಳಿಗೆ ಬಿಡಿ. ಅವರು ಟ್ರೇಗಟ್ಟಲೆ ಬೇಯಿಸುತ್ತಾರೆ, ಆ ಬೆಲೆ ನಿಮಗೆ ಗಿಟ್ಟುವುದಿಲ್ಲ. ನಿಮಗೆ ಒಪ್ಪುವುದು ಒಣ ತಿನಿಸು: ಟೂಟಿ ಫ್ರೂಟಿ ಕೇಕ್, ನಾನ್‌ಖಟಾಯಿ, ಜೋಳದ ಬಿಸ್ಕತ್. ನನ್ನ ಓಟು ಬಿಸ್ಕತ್ತಿಗೆ. ಜೋಳ ನಮ್ಮ ಸೀಮೆಯದೇ ಬೆಳೆ, ಹಿಟ್ಟಿಗೆ ಪರದಾಡಬೇಕಿಲ್ಲ. ಒಂದೇ ತೊಡಕು, ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಬರೀ ಜೋಳದಲ್ಲಿ ಮಾಡಿದರೆ ಬಿಸ್ಕತ್ ಪುಡಿಪುಡಿ. ಅರ್ಧ ಜೋಳ, ಅರ್ಧ ಗೋಧಿಯಿಂದ ಶುರು ಮಾಡಿ. ಕಲಸಿದ ಹಿಟ್ಟನ್ನು ಅರ್ಧ ತಾಸು ಫ್ರಿಜ್‌ನಲ್ಲಿಡಿ. ಬೆಂದ ಮೇಲೆ ತಟ್ಟೆಯಲ್ಲೇ ಪೂರ್ತಿ ಆರಲಿ, ಬಿಸಿಯಿದ್ದಾಗ ಎತ್ತಿದರೆ ಮುರಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿಟ್ಟರೆ ಇವತ್ತೇ ಮಾರಿ ಮುಗಿಸಬೇಕೆಂಬ ಧಾವಂತ ಇರುವುದಿಲ್ಲ.

ಇಷ್ಟಕ್ಕೆ 40ರಿಂದ 60 ಲೀಟರಿನ ಸಾದಾ ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್ ಸಾಕು. ಅದು 2000 ವ್ಯಾಟ್ ಆಸುಪಾಸು ಎಳೆಯುತ್ತದೆ, ಹಾಗಾಗಿ 16 ಆಂಪ್ಸ್ ಸಾಕೆಟ್ ಹಾಕಿಸಿ. ಮನೆಯ ಸಣ್ಣ ಇನ್ವರ್ಟರ್ ಮೇಲೆ ಅದು ಓಡುವುದಿಲ್ಲ. ಕೇಕ್ ಬೇಯುವಾಗ ಕರೆಂಟ್ ಹೋದರೆ ಗಾಬರಿಯಿಂದ ಬಾಗಿಲು ತೆರೆಯಬೇಡಿ, ಒಳಗಿನ ಬಿಸಿ ಹೋಗಿ ಕೇಕ್ ಕುಸಿಯುತ್ತದೆ. ಗ್ಯಾಸ್ ಓವನ್ ಆದರೆ ಮನೆಯ 14.2 ಕೆಜಿ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಬೇಕು. ದೊಡ್ಡ ಓವನ್ ಮಾತು ಒಂದು ಪರೀಕ್ಷೆ, ಒಂದು ರಜೆ ಕಳೆದ ಮೇಲೆ. ಹಾಸ್ಟೆಲ್ ಖಾಲಿಯಾದಾಗ ಆರ್ಡರ್ ಎಷ್ಟು ಬರುತ್ತದೆ ಎಂದು ನೋಡದೆ ಸಾಲ ಮಾಡಬೇಡಿ. ಆಗಲೂ ಬೇಕೆನಿಸಿದರೆ ಮುದ್ರಾ ಯೋಜನೆಯ ಶಿಶು ಸಾಲ ಕೇಳಿ, ಅಡಮಾನ ಇಲ್ಲದೆ 50 ಸಾವಿರದವರೆಗೆ ಕೊಡುತ್ತಾರೆ.

ಲೈಸೆನ್ಸ್ ವಿಷಯ. ಮನೆಯಲ್ಲಿ ಮಾಡಿ ಮಾರಿದರೂ 2006ರ ಆಹಾರ ಸುರಕ್ಷತೆ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ಸಣ್ಣ ವ್ಯಾಪಾರಕ್ಕೆ ಲೈಸೆನ್ಸ್ ಬೇಡ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು. ಅದೇ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ ಫೋಟೋ, ಗುರುತಿನ ಚೀಟಿ ಇಟ್ಟುಕೊಂಡು ನೀವೇ ಅರ್ಜಿ ಹಾಕಬಹುದು. ಏಜೆಂಟರಿಗೆ ಸುಮ್ನೆ ಸಾವಿರಾರು ರೂಪಾಯಿ ಸುರಿಯಬೇಡಿ. ಸಿಕ್ಕ 14 ಅಂಕಿಯ ಸಂಖ್ಯೆ, ಹಾಕಿದ ಪದಾರ್ಥಗಳು, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು ಎಂಬುದು ಪೊಟ್ಟಣದ ಮೇಲಿರಲಿ. ಮೊಟ್ಟೆ ಹಾಕದಿದ್ದರೆ ಹಸಿರು ಚುಕ್ಕೆ, ಹಾಕಿದರೆ ಕಂದು ತ್ರಿಕೋನ. ರೂಮಿನ ಹುಡುಗರು ಇದನ್ನೆಲ್ಲ ಕೇಳಲಿಕ್ಕಿಲ್ಲ. ಊರಿಗೆ ಹೋಗುವಾಗ ಅವರು ಅದೇ ಬಿಸ್ಕತ್ ಮನೆಗೆ ಒಯ್ದರೆ ಅಮ್ಮಂದಿರು ಮೊದಲು ಕೇಳುವುದು ಮೊಟ್ಟೆಯ ಬಗ್ಗೆಯೇ.