ಊಟ ಒಂದೇ ರೊಟ್ಟಿ, ತೂಕ ಯಾಕೆ ಏರಿತು?

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ನನಗೆ 48 ವರ್ಷ. 2019ರಲ್ಲಿ ಹೊಟ್ಟೆ ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಆಯಿತು. 118 ಕಿಲೋ ಇದ್ದವಳು ಎರಡು ವರ್ಷದಲ್ಲಿ 78ಕ್ಕೆ ಬಂದೆ. ಈಗ ಮತ್ತೆ 87. ಮಧ್ಯಾಹ್ನ ಒಂದೇ ರೊಟ್ಟಿ, ರಾತ್ರಿ ಅರ್ಧ. ಅದಕ್ಕಿಂತ ಜಾಸ್ತಿ ಇಳಿಯುವುದೇ ಇಲ್ಲ. ದಿನಕ್ಕೆ ನಾಲ್ಕು ಸಲ ಚಹಾ, ಸಂಜೆ ಒಂದಿಷ್ಟು ಚೂಡಾ, ನಡುನಡುವೆ ಶೇಂಗಾ, ಅಷ್ಟೇ. ಹೊಟ್ಟೆ ಮತ್ತೆ ಹಿಗ್ಗಿದೆಯಾ? ಮನೆಯಲ್ಲಿ "ಸುರಿದ ರೊಕ್ಕ ಎಲ್ಲಾ ನೀರಾಗ ಹೋತು" ಅನ್ನುತ್ತಾರೆ. ಆರಾಮಿದ್ದೇನಲ್ಲ ಅಂತ ಆಪರೇಷನ್ ನಂತರ ಕೊಟ್ಟ ವಿಟಮಿನ್ ಗುಳಿಗೆ ಬಿಟ್ಟು ಬಹಳ ದಿನ ಆಯಿತು. ಈಚೆಗೆ ಅಂಗಾಲು ಜುಮುಜುಮು ಅನ್ನುತ್ತದೆ. ನಮ್ಮಲ್ಲಿ ತತ್ತಿ, ಮಾಂಸ ನಡೆಯುವುದಿಲ್ಲ.
– ಹೆಸರು ಬೇಡ, ವಿಜಯಪುರ

ಉತ್ತರ: ತೂಕದ ಮಾತು ಆಮೇಲೆ. ಮೊದಲು ಅಂಗಾಲು. ಪತ್ರದ ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ, ನನಗೆ ಚಿಂತೆ ಆಗಿದ್ದು ಅದೇ.

ಸ್ಲೀವ್‌ನಲ್ಲಿ ಹೊಟ್ಟೆಯ ನೂರಕ್ಕೆ ಸುಮಾರು 80 ಭಾಗ ತೆಗೆಯುತ್ತಾರೆ. ನಾವು ತಿಂದ ಆಹಾರದಲ್ಲಿನ ಬಿ12 ಮೈಗೆ ಹತ್ತಬೇಕಾದರೆ ಹೊಟ್ಟೆಯ ಆಮ್ಲ ಬೇಕು, ಅಲ್ಲಿ ತಯಾರಾಗುವ ಇನ್ನೊಂದು ಪದಾರ್ಥವೂ ಬೇಕು. ನಿಮಗೆ ಎರಡೂ ಕಡಿಮೆಯಾಗಿವೆ. ಮೇಲಾಗಿ ನೀವು ಸಸ್ಯಾಹಾರಿ, ಹಾಲು ಮೊಸರಿನಿಂದ ಸಿಗುವಷ್ಟೇ ಬಿ12. ಲಿವರ್‌ನಲ್ಲಿ ಕೂಡಿಟ್ಟದ್ದು ವರ್ಷಗಟ್ಟಲೆ ಬರುತ್ತದೆ. ಅದಕ್ಕೇ ಗುಳಿಗೆ ಬಿಟ್ಟ ತಕ್ಷಣ ಏನೂ ಗೊತ್ತಾಗುವುದಿಲ್ಲ, ಆರಾಮಿದ್ದೇವೆ ಅನಿಸುತ್ತದೆ. ಕಾಲು ಜುಮುಗುಟ್ಟಲು ಶುಗರ್‌ನಂಥ ಬೇರೆ ಕಾರಣವೂ ಇರಬಹುದು. ಈ ವಾರವೇ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಬಿ12 ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ವಿಟಮಿನ್ ಡಿ, ಕ್ಯಾಲ್ಸಿಯಂ, ಶುಗರ್ ಎಲ್ಲವೂ ಆಗಲಿ. ನರ ಬಹಳ ದಿನ ನರಳಿದರೆ ಆಮೇಲೆ ಪೂರ್ತಿ ಸರಿಹೋಗದೆ ಇರಬಹುದು. ಈ ಆಪರೇಷನ್ ಆದವರಿಗೆ ಗುಳಿಗೆ ಜೀವನಪೂರ್ತಿ, ಪರೀಕ್ಷೆ ವರ್ಷಕ್ಕೊಮ್ಮೆ. ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ಎರಡು ತಾಸಿನ ಅಂತರ ಬೇಕು. ಚಹಾದ ಜೊತೆ ಕಬ್ಬಿಣದ ಗುಳಿಗೆ ನುಂಗಿದರೆ ಅರ್ಧ ವ್ಯರ್ಥ.

ಈಗ ಹೊಟ್ಟೆಗೆ ಬರೋಣ. ವರ್ಷಗಳಾದಂತೆ ಅದು ಸ್ವಲ್ಪ ಹಿಗ್ಗುವುದು ಸಹಜ. ತೆಗೆದ ಭಾಗದಲ್ಲೇ ಹಸಿವಿನ ಹಾರ್ಮೋನು ಜಾಸ್ತಿ ತಯಾರಾಗುತ್ತಿತ್ತು, ಹಾಗಾಗಿ ಮೊದಲ ವರ್ಷ ಹಸಿವೇ ಇರುವುದಿಲ್ಲ. ನಂತರ ಮೆಲ್ಲಗೆ ಬರುತ್ತದೆ. ಆದರೆ ಒಂದು ರೊಟ್ಟಿಗೆ ಹೊಟ್ಟೆ ತುಂಬುತ್ತಿದೆ ಅಂದರೆ ಆಪರೇಷನ್ ತನ್ನ ಕೆಲಸ ಮಾಡುತ್ತಲೇ ಇದೆ. ತೂಕ ಏರಿಸಿದ್ದು ಆ ರೊಟ್ಟಿ ಅಲ್ಲ, ಅದರ ನಂತರ ನೀವು ಬರೆದ "ಅಷ್ಟೇ".

ಲೆಕ್ಕ ಹಾಕಿ. ಚಹಾಕ್ಕೆ ಎರಡು ಚಮಚ ಸಕ್ಕರೆ ಹಿಡಿದರೂ ನಾಲ್ಕು ಕಪ್ಪಿಗೆ ಎಂಟು ಚಮಚ. 30 ಗ್ರಾಂ ಶೇಂಗಾ ಅಂದರೆ ಒಂದು ಮುಷ್ಟಿ, ಅದರಲ್ಲಿ ಸುಮಾರು 170 ಕ್ಯಾಲರಿ. ಮೂರು ಮುಷ್ಟಿ ಆದರೆ 500 ದಾಟಿತು. ಮುಷ್ಟಿ ಯಾರು ಎಣಿಸುತ್ತಾರೆ, ಅಲ್ವಾ? ಗಟ್ಟಿ ಪಲ್ಯ, ಕಾಳು ಹೊಟ್ಟೆಯಲ್ಲಿ ಕೂತು ಸಾಕು ಅನಿಸುತ್ತವೆ. ಚೂಡಾ, ಬಿಸ್ಕಿಟು, ಸಿಹಿ ಚಹಾ ಕೂರುವುದಿಲ್ಲ, ಜಾರಿಬಿಡುತ್ತವೆ. ನಮ್ಮ ಕಡಕ್ ರೊಟ್ಟಿಯೂ ಅಷ್ಟೇ, ಅದನ್ನು ಹೇಳಿದರೆ ಇಲ್ಲಿ ಬೆಳಗಾವಿಯಲ್ಲಿ ನನ್ನ ಹತ್ತಿರ ಬರುವವರಿಗೆ ಸಿಟ್ಟು ಬರುತ್ತದೆ! ಬಿಸಿ ರೊಟ್ಟಿ ಒಂದು ತಿಂದು ಕೈ ತೊಳೆಯುವವರೇ, ಕಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಟಿವಿ ಮುಂದೆ ಕೂತರೆ ಎರಡು ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಬಾಯಲ್ಲೇ ಪುಡಿಯಾಗುವುದರಿಂದ ತಡೆ ಇಲ್ಲ. ಜೋಳದ ತಪ್ಪಲ್ಲ ಅದು.

ತಟ್ಟೆಯಲ್ಲಿ ಊಟದ ಕ್ರಮ ತಿರುಗಿಸಿ. ಮೊದಲು ಮಡಕಿ ಕಾಳಿನ ಪಲ್ಯವೋ, ಎಣ್ಣೆ ಕಡಿಮೆ ಹಾಕಿದ ಝುಣಕವೋ ಬಟ್ಟಲಲ್ಲಿ ಹಾಕಿಕೊಂಡು ಚಮಚದಲ್ಲಿ ತಿನ್ನಿ. ಅರ್ಧ ಬಟ್ಟಲು ಮುಗಿದ ಮೇಲೆ ರೊಟ್ಟಿ ಮುರಿಯಿರಿ. ರೊಟ್ಟಿ ಉಳಿದರೆ ಉಳಿಯಲಿ, ಕಾಳು ಉಳಿಯಬಾರದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ತತ್ತಿ ಇಲ್ಲದ ಮನೆಯಲ್ಲಿ ಅದು ಸಲೀಸಲ್ಲ. ಒಂದು ರೊಟ್ಟಿಯಿಂದ ಬರುವುದು ನಾಲ್ಕೈದು ಗ್ರಾಂ ಮಾತ್ರ. 50 ಗ್ರಾಂ ಪನೀರಿನಿಂದ ಸುಮಾರು 9, ಒಣ ಸೋಯಾ ತುಣುಕು 25 ಗ್ರಾಂ ನೆನೆಹಾಕಿ ಬೇಯಿಸಿದರೆ ಸುಮಾರು 13. ಬೆಳಿಗ್ಗೆ ಉಪ್ಪಿಟ್ಟು ಬಿಟ್ಟು ಹೆಸರುಕಾಳಿನ ದೋಸೆಗೆ ಪನೀರು ತುರಿದು ಹಾಕಿ. ಅಷ್ಟಾದರೂ ಸಾಲದಿದ್ದರೆ ಡಾಕ್ಟರನ್ನು ಕೇಳಿ ಪ್ರೋಟೀನ್ ಪುಡಿ ತಗೊಳ್ಳಬಹುದು. ಊಟಕ್ಕೆ ಇಪ್ಪತ್ತು ನಿಮಿಷವಾದರೂ ಕೊಡಿ. ನೀರು, ಮಜ್ಜಿಗೆ ಊಟದ ಜೊತೆ ಬೇಡ, ಅರ್ಧ ತಾಸು ಬಿಟ್ಟು ಕುಡಿಯಿರಿ.

ಚಹಾ ನಾಲ್ಕರಿಂದ ಎರಡಕ್ಕೆ ಇಳಿಸಿ, ಸಕ್ಕರೆ ಪೂರ್ತಿ ಬಿಡಿ. ಚೂಡಾ ಡಬ್ಬಿಯನ್ನು ಮೇಲಿನ ಮಾಡಿಗೆ ಸೇರಿಸಿ. ಶೇಂಗಾ ಬೇಕೆಂದರೆ ಕುದಿಸಿ, ಒಂದು ಸಣ್ಣ ವಾಟಿಯಷ್ಟು, ಕೂತು ತಿನ್ನಿ. ರೊಕ್ಕ ನೀರಾಗ ಹೋತು ಅನ್ನುವವರಿಗೆ ಹೇಳಿ: 40 ಕಿಲೋ ಇಳಿದಿತ್ತು, 9 ತಿರುಗಿ ಬಂದಿದೆ, 31 ಇನ್ನೂ ಬಂದಿಲ್ಲ. ಕೆಳಗಿಳಿದ ತೂಕ ಸ್ವಲ್ಪ ಮೇಲೆ ಬಂದು ನಿಲ್ಲುವುದು ಬಹಳ ಜನರಿಗೆ ಆಗುತ್ತದೆ. ಅವರ ಮಾತಿಗೆ ಬೇಸತ್ತು ಉಪವಾಸ ಮಾತ್ರ ಶುರು ಮಾಡಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಮೂರು ವರ್ಷದ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ. ಮೊನ್ನೆ ನಿಶ್ಚಯ ಕಾರ್ಯದಲ್ಲಿ ಎರಡು ತುಂಡು ಕರದಂಟು ತಿಂದು ಶರಬತ್ತು ಕುಡಿದರು. ಇಪ್ಪತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ. ಅತ್ತೆ ದೃಷ್ಟಿ ತೆಗೆದರು. ಕರದಂಟು ಅಂಟು, ಬೆಲ್ಲದ್ದಲ್ಲವೇ, ಒಳ್ಳೆಯದಲ್ಲವೇ?
– ಓದುಗರು, ಗೋಕಾಕ

ಉತ್ತರ: ಗೋಕಾಕದವರಿಗೆ ಕರದಂಟು ಬೇಡ ಅನ್ನುವ ಧೈರ್ಯ ನನಗಿಲ್ಲ. ಆದರೆ ಬೆಲ್ಲವೂ ಸಕ್ಕರೆಯೇ. ಬೈಪಾಸ್ ಅಂದರೆ ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್, ಹಾಗಾಗಿ ಸಿಹಿ ಸೀದಾ ಆ ಕರುಳಿಗೆ ಬೀಳುತ್ತದೆ. ಕರುಳು ನೀರು ಎಳೆದುಕೊಳ್ಳುತ್ತದೆ, ಆಗ ಈ ಬೆವರು, ಡವಡವ. ಡಂಪಿಂಗ್ ಅನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ತಾಸಿನ ನಂತರ ಶುಗರ್ ಇಳಿದು ಕೈಕಾಲು ನಡುಗುವುದೂ ಉಂಟು. ನಿಮ್ಮವರಿಗೆ ಜಾಸ್ತಿ ಕಾಡಿದ್ದು ಶರಬತ್ತು ಇರಬೇಕು, ಕುಡಿಯುವ ಸಿಹಿ ಬೇಗ ಓಡುತ್ತದೆ. ಅದನ್ನು ಪೂರ್ತಿ ಬಿಡಲಿ. ಕರದಂಟು ಊಟ ಆದ ಮೇಲೆ ಬೆರಳ ತುದಿಯಷ್ಟು ಸಾಕು. ಇನ್ನೊಮ್ಮೆ ಹೀಗಾದರೆ ಮಲಗಿಸಿ. ಎದೆ ನೋವು ಇದ್ದರೆ, ಎಚ್ಚರ ತಪ್ಪಿದರೆ ಮಾತ್ರ ದೃಷ್ಟಿ ತೆಗೆಯುತ್ತ ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ. ಬೀಗರೆಲ್ಲ ಬರುತ್ತಾರೆ. ಸ್ಲೀವ್ ಆದವಳೆಂದು ಎಲ್ಲರಿಗೂ ಹೇಳಲೇಬೇಕಾ?
– ಓದುಗರು, ಬಾಗಲಕೋಟೆ

ಉತ್ತರ: ಬೇಡ. ಬಡಿಸುವ ಕೆಲಸ ನೀವೇ ಹಿಡಿಯಿರಿ, ನಿಮ್ಮ ತಟ್ಟೆ ಯಾರೂ ನೋಡುವುದಿಲ್ಲ. ಕಾಳು ಪಲ್ಯ, ಪುಂಡಿಪಲ್ಲೆ, ಹಸಿ ಮೆಂತ್ಯ, ಅರ್ಧ ಸಜ್ಜಿ ರೊಟ್ಟಿ ಹಾಕಿಕೊಳ್ಳಿ, ಚೆನ್ನಾಗಿ ಅಗಿಯಿರಿ. ಶೇಂಗಾ ಹೋಳಿಗೆ ಕಾಲು ಭಾಗ. ಉಳಿದದ್ದನ್ನು ಬೀಗರ ಬುತ್ತಿಗೆ ಕಟ್ಟಿ ಕಳಿಸಿ, ನಿಮ್ಮ ಮನೆಗೆ ತರಬೇಡಿ.