66 ಸಾಲು ಎಣಿಸಿ ಪುಟ ಕತ್ತರಿಸಬೇಡಿ

ಸರ್, ಹಳೆ ಮೇನ್‌ಫ್ರೇಮ್ (ದೊಡ್ಡ ಕಂಪ್ಯೂಟರ್) ರಿಪೋರ್ಟನ್ನ 66 ಸಾಲಿಗೊಂದು ಪುಟ ಅಂತ ಎಣಿಸಿ ಇಂಡೆಕ್ಸ್ ಮಾಡಿದೆ, ಒಂದು ಖಾತೆ ಹುಡುಕಿದರೆ ಪಕ್ಕದ ಖಾತೆಯ ಅರ್ಧ ಪುಟ ತೆರೆಯುತ್ತೆ ಅಂತ ಬರೆದಿದ್ದೀರಿ. ಹಾಗೇ ಆಗೋದು. ನಾನೂ ಹೀಗೇ ಕತ್ತರಿಸಿ, ಎಲ್ಲಾ ಮೊದಲಿಂದ ಮಾಡಬೇಕಾಯ್ತು.

66 ಅನ್ನೋದು ಕಾಗದದ ಲೆಕ್ಕ: 11 ಇಂಚು, ಇಂಚಿಗೆ 6 ಸಾಲು. ಫೈಲಿನ ಲೆಕ್ಕ ಬೇರೆ. ಪ್ರತಿ ಸಾಲಿನ ಮೊದಲ ಕಾಲಮ್ಮಿನಲ್ಲಿರೋದು ಕ್ಯಾರೇಜ್ ಕಂಟ್ರೋಲ್, ಅಂದರೆ ಪ್ರಿಂಟರಿಗೆ ಸೂಚನೆ. ಅಲ್ಲಿ 0 ಇದ್ದರೆ ಪ್ರಿಂಟರ್ ಎರಡು ಸಾಲು ಇಳಿಯುತ್ತೆ, ಫೈಲಿನಲ್ಲಿ ಅದು ಒಂದೇ ರೆಕಾರ್ಡ್. ಅಡ್ಡಗೀಟಿಗೆ ಮೂರು ಸಾಲು. ಪ್ಲಸ್ ಇದ್ದರೆ ಇಳಿಯೋದೇ ಇಲ್ಲ, ಅದೇ ಸಾಲಿನ ಮೇಲೆ ಮತ್ತೆ ಅಚ್ಚು. ಹೊಸ ಪುಟ ಅಂದರೆ ಅಲ್ಲಿ 1 ಇರಬೇಕು: ಮೇನ್‌ಫ್ರೇಮಿನ ಅಕ್ಷರಸಂಕೇತ ಎಬ್ಸಿಡಿಕ್‌ನಲ್ಲಿ ಹೆಕ್ಸ್ ಎಫ್1, ಸಾಮಾನ್ಯ ಕಂಪ್ಯೂಟರಿನ ಆಸ್ಕಿಯಲ್ಲಿ 31. ಫಾರ್ಮ್ ಫೀಡ್ (ಹೊಸ ಪುಟದ ಚಿಹ್ನೆ) ಇರೋ ಫೈಲಾದರೆ 0ಸಿ. ಮೊದಲ ಕಾಲಮ್ಮಿನಲ್ಲಿ ಇಂಥ ಅಕ್ಷರದ ಬದಲು ಪ್ರಿಂಟರ್ ಆದೇಶದ ಬೈಟೇ ಇರೋ ಮಷೀನ್ ಕೋಡ್ ರಿಪೋರ್ಟ್ ಆದರೆ ಜೋಪಾನ: 8ಬಿ ಅಂದರೆ ಅಚ್ಚಿಲ್ಲದೆ ನೇರ ಹೊಸ ಪುಟ, 89 ಅಂದರೆ ಈ ಸಾಲು ಅಚ್ಚಾದ ಮೇಲೆ ಹೊಸ ಪುಟ. 89ರ ಸಾಲನ್ನ ಮುಂದಿನ ಪುಟಕ್ಕೆ ಸೇರಿಸಿದಿರೋ, ಒಬ್ಬರ ಕೊನೆ ಮೊತ್ತ ಇನ್ನೊಬ್ಬರ ತಲೆ ಮೇಲೆ ಕೂರುತ್ತೆ.

ಇಂಡೆಕ್ಸಿನಲ್ಲಿ ಸಾಲಿನ ನಂಬರ್ ಬೇಡ, ಬೈಟ್ ಲೆಕ್ಕ ಇಡಿ. ಎಸ್‌ಕ್ಯೂಲೈಟ್‌ನಲ್ಲಿ (ಚಿಕ್ಕ ಡೇಟಾಬೇಸ್) ಎರಡು ಟೇಬಲ್ ಸಾಕು. ಒಂದರಲ್ಲಿ ಪುಟದ ಕ್ರಮಸಂಖ್ಯೆ, ಆರಂಭದ ಬೈಟ್, ಉದ್ದ: 412, 2387204, 5810 ಹೀಗೆ. ಇನ್ನೊಂದರಲ್ಲಿ ಖಾತೆ ನಂಬರ್, ಮೊದಲ ಪುಟ, ಒಟ್ಟು ಪುಟ. ಮುಂದಿನ ಪುಟದಲ್ಲೂ ಅದೇ ಖಾತೆ ಇದ್ದರೆ ಹೊಸ ನಮೂದು ಮಾಡದೆ ಒಟ್ಟು ಪುಟ ಹೆಚ್ಚಿಸಿ. ರಿಪೋರ್ಟಿನಲ್ಲಿ ಅಚ್ಚಾದ ಪುಟಸಂಖ್ಯೆ ನಂಬಬೇಡಿ, ಎಷ್ಟೋ ರಿಪೋರ್ಟುಗಳಲ್ಲಿ ಶಾಖೆ ಬದಲಾದಾಗ ಅದು ಮತ್ತೆ 1ರಿಂದ ಶುರು. ಫೈಲನ್ನ ಬೈನರಿಯಲ್ಲೇ ತೆರೆಯಿರಿ. ಟೆಕ್ಸ್ಟ್ ಮೋಡಿನಲ್ಲಿ ಸಾಲಿನ ಕೊನೆ ಬದಲಾದರೆ ಸಾಲಿಗೊಂದು ಬೈಟ್ ಜಾರುತ್ತಾ ಹೋಗುತ್ತೆ. ಮುಗಿದ ಮೇಲೆ ಎಲ್ಲಾ ಉದ್ದ ಕೂಡಿಸಿ, ಫೈಲ್ ಸೈಜಿಗೆ ಬೈಟ್ ಬೈಟ್ ತಾಳೆಯಾಗಬೇಕು. ವಿಬಿ ಫೈಲ್ (ರೆಕಾರ್ಡುಗಳ ಉದ್ದ ಬೇರೆ ಬೇರೆ ಇರೋದು) ಬೈನರಿಯಲ್ಲಿ ಮೇನ್‌ಫ್ರೇಮಿಂದ ಇಳಿಸೋವಾಗ ಆರ್‌ಡಿಡಬ್ಲ್ಯೂ, ಅಂದರೆ ಪ್ರತಿ ರೆಕಾರ್ಡಿನ ಮೊದಲಿಗಿರೋ ಉದ್ದದ ಗುರುತು, ಬಿಟ್ಟುಬಂದರೆ ರೆಕಾರ್ಡ್ ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ, ಮತ್ತೆ ಇಳಿಸೋದೇ ಗತಿ.

ದಯವಿಟ್ಟು ಇಂಡೆಕ್ಸನ್ನ ಎಕ್ಸೆಲ್‌ನಲ್ಲಿ ಇಡಬೇಡಿ. ಸಂಖ್ಯೆ ಅಂತ ಓದಿಕೊಂಡರೆ ಖಾತೆ ನಂಬರಿನ ಆರಂಭದ ಸೊನ್ನೆ ಹೋಯ್ತು, 15 ಅಂಕಿ ದಾಟಿದ್ದೆಲ್ಲ ಸೊನ್ನೆ ಆಯ್ತು. ಸಾಲಿನ ಮಿತಿಯೂ 10,48,576. ಪುಟಕ್ಕೊಂದು ಪಿಡಿಎಫ್ ಮಾಡೋದೂ ಬೇಡ, ಕೇಳಿದಾಗ ಆ ಪುಟ ಮಾತ್ರ ತಯಾರಿಸಿ.

ಇಡೀ ಫೈಲನ್ನ ಜಿಜಿಪ್‌ನಿಂದ ಒತ್ತಿ ಚಿಕ್ಕದು ಮಾಡಿದರೆ ಕೊನೆ ಪುಟಕ್ಕೂ ಮೊದಲಿಂದ ಬಿಚ್ಚಬೇಕು. 100 ಪುಟಕ್ಕೊಂದು ಬ್ಲಾಕ್ ಬೇರೆ ಬೇರೆ ಒತ್ತಿ, ಇಂಡೆಕ್ಸಿನಲ್ಲಿ ಬ್ಲಾಕ್ ನಂಬರನ್ನೂ ಸೇರಿಸಿ. ಕೋಡ್ ಬರೆಯೋಕೆ ಬೇಜಾರಾದರೆ ಬಿಜಿಜಿಪ್ ಅನ್ನೋ ಸಿದ್ಧ ಪ್ರೋಗ್ರಾಂ ಬಳಸಿ. ಅದು 64 ಕೆಬಿ ಬ್ಲಾಕುಗಳಲ್ಲಿ ಒತ್ತುತ್ತೆ, ಬೈಟ್ ಲೆಕ್ಕ ಕೊಟ್ಟರೆ ಆ ಭಾಗ ಮಾತ್ರ ಬಿಚ್ಚಿಕೊಡುತ್ತೆ, ನನಗೆ ಅದೇ ಇಷ್ಟ.

ರಿಪೋರ್ಟ್ ಕೂಡಿಟ್ಟು ಹುಡುಕಿಕೊಡೋ ಐಬಿಎಂ ಆನ್‌ಡಿಮ್ಯಾಂಡ್ ಆಗಲೇ ಇದ್ದರೆ ಇದೆಲ್ಲ ಬೇಡ, ಅದರ ಇಂಡೆಕ್ಸ್ ಮಾಡೋ ಪ್ರೋಗ್ರಾಂ ಎಸಿಐಎಫ್‌ನಲ್ಲಿ ಟ್ರಿಗರ್ (ಪುಟ ಗುರುತಿಸೋ ಪಠ್ಯ), ಫೀಲ್ಡ್ (ಖಾತೆ ನಂಬರ್ ಇರೋ ಜಾಗ) ಕೊಟ್ಟರೆ ಸಾಕು. ಫೀಲ್ಡ್ ಕಾಲಮ್ ಲೆಕ್ಕದಲ್ಲಿರುತ್ತೆ. ಎಣಿಸುವಾಗ ಕ್ಯಾರೇಜ್ ಕಂಟ್ರೋಲ್ ಕಾಲಮ್ಮನ್ನೂ ಸೇರಿಸಿ. ಮರೆತರೆ ಖಾತೆಯ ಮೊದಲಿಗೆ ಖಾಲಿ ಜಾಗ ಸೇರಿ ಕೊನೆ ಅಂಕಿ ಕತ್ತರಿಸಿಹೋಗುತ್ತೆ.