ನಿಮ್ಮ ರಕ್ತ ಬೇಡವೆಂದದ್ದು ಏಕೆ?

ಪತ್ರದ ಸಾರ: ಹದಿನೇಳು ವರ್ಷದ ತಂಗಿಗೆ ಏಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮೂಳೆಮಜ್ಜೆ ಸಾಕಷ್ಟು ರಕ್ತಕಣಗಳನ್ನು ತಯಾರಿಸದ ಕಾಯಿಲೆ. ತಿಂಗಳುಗಟ್ಟಲೆ ಕಬ್ಬಿಣದ ಟಾನಿಕ್ ಕುಡಿಸಿದರೂ ಹಿಮೋಗ್ಲೋಬಿನ್ 6 ದಾಟಲಿಲ್ಲ. ರಕ್ತ ಕೊಡಲು ಮನೆಯವರೆಲ್ಲ ಸಿದ್ಧರಾದರೆ ವೈದ್ಯರು ಬೇಡವೆಂದರು. ಇದು ರಕ್ತದ ಕ್ಯಾನ್ಸರೇ? ಮಜ್ಜೆ ಕೊಟ್ಟರೆ ನನ್ನ ಬೆನ್ನು ಕೈಕೊಡುತ್ತದೆಯೇ? – ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ:

ರಕ್ತ ಕೊಡಲು ಹೋದ ಅಣ್ಣನನ್ನು ಹಿಂದಕ್ಕೆ ಕಳಿಸಿದರೆ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಆ ವೈದ್ಯರು ನಿಮ್ಮನ್ನು ಇದಕ್ಕಿಂತ ದೊಡ್ಡ ಕೆಲಸಕ್ಕೆ ಉಳಿಸಿಕೊಂಡಿದ್ದಾರೆ. ಒಡಹುಟ್ಟಿದವರ ಮಜ್ಜೆ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮ್ಮದು ಹೊಂದಿದರೆ ಮುಂದೆ ಕಸಿ ಮಾಡಬಹುದು. ಈಗಲೇ ನಿಮ್ಮ ರಕ್ತ ಏರಿಸಿದರೆ ತಂಗಿಯ ದೇಹ ನಿಮ್ಮ ಕಣಗಳನ್ನು ಪರಕೀಯವೆಂದು ಗುರುತಿಟ್ಟುಕೊಂಡು, ಕಸಿಯ ಹೊತ್ತಿಗೆ ನಿಮ್ಮ ಮಜ್ಜೆಯನ್ನೇ ತಿರಸ್ಕರಿಸಬಹುದು. ಅದಕ್ಕೇ ಹೊರಗಿನವರ ರಕ್ತ. ಅದನ್ನೂ ಬಿಳಿ ಕಣಗಳನ್ನು ಸೋಸಿ, ವಿಕಿರಣಕ್ಕೆ ಒಡ್ಡಿದ ಮೇಲೆ ಏರಿಸುವುದು ಒಳ್ಳೆಯದು.

ಟಾನಿಕ್ ಏಕೆ ನಾಟಲಿಲ್ಲ? ಬಿತ್ತನೆಯೇ ಇಲ್ಲದ ಹೊಲಕ್ಕೆ ಗೊಬ್ಬರ ಸುರಿದರೆ ಏನು ಬೆಳೆದೀತು? ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹರೆಯದವರಲ್ಲಿ ನೇರಳೆ ಬಣ್ಣದ ಕಣಗಳು ಕಿಕ್ಕಿರಿದಿರಬೇಕು. ಈ ಕಾಯಿಲೆಯಲ್ಲಿ ಅಲ್ಲಿ ಕಾಣುವುದು ಕೊಬ್ಬಿನ ಬಿಳಿ ಬಿಳಿ ಖಾಲಿ ಜಾಗ, ನಡುವೆ ಅಲ್ಲೊಂದು ಇಲ್ಲೊಂದು ಕಣ. ರಕ್ತವನ್ನು ಹುಟ್ಟಿಸುವ ಆಕರಕೋಶಗಳನ್ನು ಬಹುಪಾಲು ರೋಗಿಗಳಲ್ಲಿ ಅವರದೇ ರೋಗನಿರೋಧಕ ಕಣಗಳು ನಾಶಮಾಡಿರುತ್ತವೆ. ಕೆಲವರಲ್ಲಿ ಬೆಂಜೀನ್, ವಿಕಿರಣ, ಕ್ಲೋರಾಂಫೆನಿಕಾಲ್‌ನಂಥ ಔಷಧಿ ಅಥವಾ ಯಕೃತ್ತಿನ ಉರಿಯೂತದ ಸುಳಿವು ಸಿಗುತ್ತದೆ. ಹೆಚ್ಚಿನವರಲ್ಲಿ ಕಾರಣ ಸಿಗುವುದೇ ಇಲ್ಲ. ಮನೆಯಲ್ಲಿ ಯಾರದೋ ತಪ್ಪು ಹುಡುಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಇದು ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ವರ್ಷಗಳ ನಂತರ ಮಜ್ಜೆಯ ಬೇರೆ ಕಾಯಿಲೆಗಳು ತಲೆದೋರುವುದರಿಂದ, ಗುಣವಾದ ಮೇಲೂ ತಪಾಸಣೆ ತಪ್ಪಿಸುವಂತಿಲ್ಲ.

ಪತ್ರದುದ್ದಕ್ಕೂ ನೀವು ಹಿಮೋಗ್ಲೋಬಿನ್ ಬಗ್ಗೆಯೇ ಬರೆದಿದ್ದೀರಿ. ನನಗೆ ಭಯವಾಗುವುದು ನೀವು ಬರೆಯದ ಅಂಕಿಯ ಬಗ್ಗೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಕಡಿಮೆಯಾದರೆ ಏರಿಸಬಹುದು. ಸೋಂಕನ್ನು ತಡೆಯುವ ನ್ಯೂಟ್ರೋಫಿಲ್‌ನ ಆಯಸ್ಸು ಒಂದು ದಿನದ ಆಸುಪಾಸು. ಅದನ್ನು ಹಾಗೆ ಏರಿಸಿ ಕಾಯಿಲೆ ನಿಭಾಯಿಸಲಾಗದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅದು 500ಕ್ಕಿಂತ ಇಳಿದರೆ ತೀವ್ರ ಸ್ಥಿತಿಯ ಲಕ್ಷಣ, 200ಕ್ಕಿಂತ ಇಳಿದರೆ ಅತಿ ತೀವ್ರ. ವರದಿಯಲ್ಲಿ ಮೊದಲು ಅದನ್ನು ನೋಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಮಾತ್ರೆ ಕೊಟ್ಟು ಬೆಳಗಿನವರೆಗೆ ನೋಡೋಣ ಎನ್ನಬೇಡಿ. ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ ಕಡಿಮೆ ಇರುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮಾಂಸಖಂಡಕ್ಕೆ ಚುಚ್ಚುವ ಇಂಜೆಕ್ಷನ್ ಕೂಡ ಬೇಡ.

ಇನ್ನು ನಿಮ್ಮ ಬೆನ್ನಿನ ಮಾತು. ಮೂಳೆಮಜ್ಜೆಗೂ ಬೆನ್ನುಹುರಿಗೂ ಸಂಬಂಧವಿಲ್ಲ. ಅರಿವಳಿಕೆ ಕೊಟ್ಟು ಸೊಂಟದ ಮೂಳೆಯ ಹಿಂಭಾಗದಿಂದ ಮಜ್ಜೆ ತೆಗೆಯುತ್ತಾರೆ. ಕೆಲವು ದಿನ ನೋವಿರುತ್ತದೆ, ತೆಗೆದ ಮಜ್ಜೆ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ನಿಮ್ಮ ಮಜ್ಜೆ ತಂಗಿಗೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆ ಈಗಲೇ ಮಾಡಿಸಿ. ಜೊತೆಗೆ ಫ್ಯಾಂಕೋನಿ ಅನೀಮಿಯಾದಂಥ ಹುಟ್ಟಿನಿಂದ ಬರುವ ಮಜ್ಜೆಯ ದೋಷ ತಂಗಿಯಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಲು ವರ್ಣತಂತು ಪರೀಕ್ಷೆ ಆಗಿದೆಯೇ ಎಂದು ಕೇಳಿ. ಆ ದೋಷ ಇದ್ದರೆ ನಿಮ್ಮನ್ನೂ ಪರೀಕ್ಷಿಸಬೇಕು, ಏಕೆಂದರೆ ಅದು ಒಡಹುಟ್ಟಿದವರಲ್ಲಿ ಸದ್ದಿಲ್ಲದೆ ಅಡಗಿರಬಹುದು. ಕಸಿಯ ವಿಧಾನವೂ ಬದಲಾಗುತ್ತದೆ.

ಹೊಂದಿದರೆ, ಇಷ್ಟು ಚಿಕ್ಕ ವಯಸ್ಸಿಗೆ, ಕಾಯಿಲೆ ತೀವ್ರವಾಗಿದ್ದಲ್ಲಿ ಕಸಿಯೇ ಮೊದಲ ಆಯ್ಕೆ. ಹೊಂದದಿದ್ದರೂ ದಾರಿ ಮುಚ್ಚುವುದಿಲ್ಲ. ಎಟಿಜಿ ಮತ್ತು ಸೈಕ್ಲೋಸ್ಪೋರಿನ್ ಎಂಬ ಔಷಧಿಗಳಿಂದ ರೋಗನಿರೋಧಕ ಕಣಗಳ ದಾಳಿಯನ್ನು ಹತ್ತಿಕ್ಕುತ್ತಾರೆ, ಜೊತೆಗೆ ಮಜ್ಜೆಯನ್ನು ಚುರುಕುಗೊಳಿಸಲು ಎಲ್ಟ್ರೊಂಬೋಪ್ಯಾಗ್ ಕೊಡುತ್ತಾರೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಮನೆಯವರು ಕಂಗೆಡುವುದು ಈ ಅವಧಿಯಲ್ಲೇ, ಔಷಧಿ ಹಿಡಿಯಲಿಲ್ಲವೆಂದು ಬಿಟ್ಟುಬಿಡುವುದೂ ಆಗಲೇ. ಬಿಡಬೇಡಿ; ಕಣಗಳು ಏರಿದ ಮೇಲೂ ಸೈಕ್ಲೋಸ್ಪೋರಿನ್ ಅನ್ನು ವೈದ್ಯರು ಹೇಳಿದಂತೆ ನಿಧಾನವಾಗಿಯೇ ಇಳಿಸಬೇಕು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮತ್ತೆ ಬರೆಯಿರಿ. ಆಗ ನ್ಯೂಟ್ರೋಫಿಲ್ ಎಷ್ಟಿದೆ ಎಂಬುದನ್ನೂ ಬರೆಯಿರಿ.